ರವದಿಯ ಬೆಂಕಿ

ಮಂಡ್ಯದ ಕಡೆಯ ಹಳ್ಳಿಗಳಲ್ಲಿ ಕಬ್ಬು ಕಡಿದ ಮೇಲಿನ ಸಂಜೆಗಳನ್ನು ನೀವು ಕಂಡಿರಬಹುದು. ಗದ್ದೆಯಿಂದ ಗದ್ದೆಗೆ ಬೆಂಕಿ ಹಬ್ಬುತ್ತದೆ. ಒಣಗಲು ಹಾಕಿದ ಬಟ್ಟೆಗಳ ಮೇಲೆ ಕಪ್ಪು ಕರಿ ಉದುರುತ್ತದೆ. ಉರಿಯುತ್ತಿರುವುದು ರವದಿ, ಅಂದರೆ ಕಬ್ಬಿನ ಒಣ ಗರಿ.

ಕಬ್ಬಿನಲ್ಲಿ ವ್ಯರ್ಥವೆಂಬುದು ಬಹುಮಟ್ಟಿಗೆ ಇಲ್ಲ. ತುದಿಯ ಹಸಿ ಸೋಗೆ ದನಗಳ ಮೇವು. ಆಲೆಮನೆಯಲ್ಲಿ ಹಿಂಡಿದ ಸಿಪ್ಪೆಯೇ ಒಣಗಿ ಕೊಪ್ಪರಿಗೆಯಡಿಯ ಉರುವಲು. ಕಾರ್ಖಾನೆಗಳಲ್ಲಿ ಆ ಸಿಪ್ಪೆಯಿಂದ ವಿದ್ಯುತ್ತು, ಕಾಕಂಬಿಯಿಂದ ಎಥೆನಾಲ್, ಮಡ್ಡಿಯಿಂದ ಗೊಬ್ಬರ. ರೈತನ ಗದ್ದೆಯಲ್ಲಿ ಉಳಿಯುವುದು ರವದಿ, ಹೆಕ್ಟೇರಿಗೆ ಸುಮಾರು 8ರಿಂದ 10 ಟನ್. ಅದನ್ನೇ ಅವನು ಸುಡುತ್ತಾನೆ. ಸುಟ್ಟಾಗ ಇಂಗಾಲವೂ ಸಾರಜನಕವೂ ಬಹುಪಾಲು ಹೊಗೆಯೊಡನೆ ಹೋಗಿ, ಪೊಟ್ಯಾಷಿನಂಥ ಲವಣಗಳಷ್ಟೇ ಬೂದಿಯಲ್ಲಿ ಉಳಿಯುತ್ತವೆ.

ಇದನ್ನೆಲ್ಲ ಓದಿಕೊಂಡಿದ್ದ ನಾನು ಬಲಿಪೂಜೆಯ ಬಳಿಕ ರೈತರಿಗೆ ಉಪದೇಶ ಮಾಡಿದೆ. ಹಿರಿಯರೊಬ್ಬರು, "ಮೊದ್ಲು ಚರ್ಚಿನ ಗದ್ದೇಲಿ ಮಾಡ್ತೋರ್ಸಿ ಸ್ವಾಮೇರೆ" ಎಂದರು. ಮಾಡಿದೆ. ಒಂದು ಎಕರೆಯ ಕೂಳೆ ಕಬ್ಬಿನ ನಡುವೆ ರವದಿಯನ್ನೆಲ್ಲ ದಟ್ಟವಾಗಿ ಹರಡಿ ಸುಮ್ಮನಾದೆ. ಒಂದೂವರೆ ತಿಂಗಳಲ್ಲಿ ಕೂಳೆ ಹಳದಿಗೆ ತಿರುಗಿತು. ರವದಿಯಲ್ಲಿ ಸಾರಜನಕ ತೀರ ಕಡಿಮೆ. ಅದನ್ನು ಕೊಳೆಯಿಸುವ ಸೂಕ್ಷ್ಮಜೀವಿಗಳು ತಮಗೆ ಬೇಕಾದುದನ್ನು ಮಣ್ಣಿನಿಂದಲೇ ಎಳೆದುಕೊಳ್ಳುತ್ತವೆ, ಬೆಳೆ ಉಪವಾಸ ಬೀಳುತ್ತದೆ. ಸೆಮಿನರಿಯ ತತ್ವಶಾಸ್ತ್ರದಲ್ಲಿ ಈ ಪಾಠ ಇರಲಿಲ್ಲ!

ದಾರಿ ತೋರಿಸಿದವರು ಅದೇ ಹಿರಿಯರು. ಮರುವರ್ಷ ಅವರ ಮಾತಿನಂತೆ ಸಾಲು ಬಿಟ್ಟು ಸಾಲಿಗೆ ರವದಿ ತುಂಬಿ, ತೆರೆದ ಸಾಲಿನಲ್ಲಿ ನೀರು ಹಾಯಿಸಿದೆವು. ರವದಿಯ ಮೇಲೆ ಸಗಣಿ ಬಗ್ಗಡ ಸುರಿದು ಸ್ವಲ್ಪ ಯೂರಿಯಾ ಎರಚಿದೆವು. ಕಳೆ ತಲೆಯೆತ್ತಲಿಲ್ಲ, ನೀರಿನ ಸರದಿ ತಡವಾದರೂ ನೆಲ ಒಣಗಲಿಲ್ಲ. ಮಳೆಗಾಲ ಕಳೆಯುವಷ್ಟರಲ್ಲಿ ಗರಿ ಬೆರಳಿಗೆ ಪುಡಿಯಾಗುತ್ತಿತ್ತು, ಕೆಳಗೆ ಎರೆಹುಳುಗಳಿದ್ದವು.

ಆದರೂ ಸುಡುವವನನ್ನು ಅವಿವೇಕಿಯೆಂದು ಕರೆಯಬೇಡಿ. ರವದಿಯ ಅಂಚು ಕೈ ಕೊಯ್ಯುತ್ತದೆ, ಅದನ್ನು ಸಾಲಿಗೆ ಸೇರಿಸಲು ಆಳು ಬೇಕು, ಕೂಲಿ ಬೇಕು. ಪುಡಿಮಾಡುವ ಯಂತ್ರಕ್ಕೆ ಟ್ರ್ಯಾಕ್ಟರ್ ಬೇಕು, ಬಾಡಿಗೆ ಬೇಕು. ನನ್ನ ಕೂಲಿಯನ್ನು ಚರ್ಚಿನ ನಿಧಿ ಕೊಟ್ಟಿತು. ಬೆಂಕಿಕಡ್ಡಿಯಷ್ಟು ಅಗ್ಗದ ಆಳು ಸಾಲಗಾರ ರೈತನಿಗೆ ಎಲ್ಲಿ ಸಿಗುತ್ತಾನೆ?

ಈ ವರ್ಷ ಆ ಹಿರಿಯರು ತಮ್ಮ ಅರ್ಧ ಗದ್ದೆಯ ರವದಿಯನ್ನು ಉಳಿಸಿಕೊಂಡರು. ಉಳಿದರ್ಧಕ್ಕೆ ಆಳು ದೊರೆಯಲಿಲ್ಲ. ಸಂಜೆ ಅವರೇ ಕಡ್ಡಿ ಗೀರಿದರು. ಬೆಂಕಿ ಈಚೆಯ ಸಾಲುಗಳಿಗೆ ದಾಟದಂತೆ ನಾನು ಹಸಿ ಸೊಪ್ಪು ಹಿಡಿದು ಬದುವಿನ ಮೇಲೆ ಕಾದು ನಿಂತೆ.