ಹೂವಿನ ಮಡಿಯಲ್ಲಿ ಜೀವತತ್ತ್ವದ ಪಾಠ

ಅಜ್ಜ, ಮೊಮ್ಮಗ ಮತ್ತು ಹೂವು ಒಂದೆಡೆ ಸೇರುವ ಪ್ರಸಂಗವೊಂದು ಜಿನಸೇನಾಚಾರ್ಯರ ಪೂರ್ವಪುರಾಣದಲ್ಲಿದೆ. ಪುಂಡರೀಕಿಣೀಪುರದ ಚಕ್ರವರ್ತಿ ವಜ್ರದಂತನಿಗೆ ವನಪಾಲಕನು ತಾವರೆಯೊಂದನ್ನು ತಂದೊಪ್ಪಿಸುತ್ತಾನೆ. ಅದರ ದಳಗಳ ನಡುವೆ, ಪರಿಮಳಕ್ಕೆ ಮರುಳಾಗಿ ಸೆರೆಸಿಕ್ಕಿ ಸತ್ತ ದುಂಬಿಯೊಂದು ಚಕ್ರವರ್ತಿಯ ಕಣ್ಣಿಗೆ ಬೀಳುತ್ತದೆ. ಅಷ್ಟರಿಂದಲೇ ವಿರಕ್ತನಾದ ಆತ ರಾಜ್ಯವನ್ನು ಮಗ ಅಮಿತತೇಜನಿಗೆ ಕೊಡಲು ಹೋದರೆ ಮಗನೂ ಒಲ್ಲೆನೆನ್ನುತ್ತಾನೆ. ಕೊನೆಗೆ ಪಟ್ಟವು ಎಳೆಯ ಮೊಮ್ಮಗನಿಗೆ ದಕ್ಕುತ್ತದೆ. ಅವನ ಹೆಸರು ಪುಂಡರೀಕ, ಅರ್ಥಾತ್ ಬಿಳಿದಾವರೆ. ಹೂವನ್ನು ಕಂಡ ಅಜ್ಜ ತಪಸ್ಸಿಗೆ ನಡೆದರೆ, ಹೂವಿನ ಹೆಸರಿನ ಮೊಮ್ಮಗ ಸಿಂಹಾಸನವೇರುತ್ತಾನೆ.

ಪಂಪನ ಆದಿಪುರಾಣವನ್ನೂ ಅದರ ಆಕರವಾದ ಈ ಪುರಾಣವನ್ನೂ ತರಗತಿಯಲ್ಲಿ ಮೂರು ದಶಕಗಳ ಕಾಲ ಬೋಧಿಸಿದ ನಿವೃತ್ತ ಅಧ್ಯಾಪಕರೊಬ್ಬರು ಕಾರ್ಕಳದ ಆಸುಪಾಸಿನ ಹಳ್ಳಿಯೊಂದರಲ್ಲಿದ್ದಾರೆ. ಕಾವ್ಯದ ಹೂಗಳನ್ನೆಲ್ಲ ಬಲ್ಲ ಅವರು ಅಂಗಳದ ಹೂಗಳನ್ನು ಅಷ್ಟಾಗಿ ಬಲ್ಲವರಾಗಿರಲಿಲ್ಲ. ಅದು ಅವರ ಪತ್ನಿಯ ಕ್ಷೇತ್ರವಾಗಿತ್ತು. ಆಕೆ ತೀರಿಕೊಂಡ ಮೇಲೆ ಎರಡು ಮಳೆಗಾಲ ಅಂಗಳದಲ್ಲಿ ಕಳೆ ಮಾತ್ರ ಬೆಳೆಯಿತು. ಕಳೆದ ಬೇಸಿಗೆ ರಜೆಗೆ ಬೆಂಗಳೂರಿನಿಂದ ಬಂದ ಹತ್ತು ವರ್ಷದ ಮೊಮ್ಮಗಳು ಅಡುಗೆಮನೆಯ ಕಪಾಟಿನಲ್ಲಿ ಹಳೆಯ ಹಾರ್ಲಿಕ್ಸ್ ಬಾಟಲಿಯೊಂದನ್ನು ಕಂಡಳು. ಒಳಗೆ ಪುಟ್ಟ ಕಾಗದದ ಪೊಟ್ಟಣಗಳು. ಅವುಗಳ ಮೇಲೆ ಅಜ್ಜಿಯ ಕೈಬರಹ: ಗೌರಿಹೂ, ಸಂಜೆಮಲ್ಲಿಗೆ, ಚೆಂಡುಹೂ.

ಮೊಮ್ಮಗಳ ಹಟಕ್ಕೆ ಅಜ್ಜ ಅಂಗಳಕ್ಕಿಳಿದರು. ಆರು ವರ್ಷದ ಮೊಮ್ಮಗನೂ ಜತೆಗೂಡಿದ. ಮೇ ತಿಂಗಳ ಕೊನೆಯ ವಾರ ಮೊದಲ ಮಳೆ ಬಿದ್ದು ಮಣ್ಣು ಮೆತ್ತಗಾದಾಗ ಮೂವರೂ ಸೇರಿ ಹಟ್ಟಿಗೊಬ್ಬರ ಬೆರೆಸಿ ಮೂರು ಮಡಿಗಳನ್ನು ಮಾಡಿದರು. ಸಂಜೆಮಲ್ಲಿಗೆಯ ಕಪ್ಪು ಬೀಜಗಳನ್ನು ಕಂಡು ಮೊಮ್ಮಗ ಕಾಳುಮೆಣಸೆಂದು ವಾದಿಸಿದ. ಗೌರಿಹೂವಿನ ಸಣ್ಣ ಬೀಜಗಳನ್ನು ಆಳಕ್ಕೆ ಹಾಕದೆ ಮೇಲೆ ತೆಳುವಾಗಿ ಮಣ್ಣುದುರಿಸಬೇಕೆಂಬುದನ್ನು ನೆರೆಮನೆಯ ಹೆಂಗಸಿನಿಂದ ಕೇಳಿ ತಿಳಿದುಕೊಂಡರು. ದಿನವೂ ಬೆಳಗ್ಗೆ ಮುಖ ತೊಳೆಯುವ ಮೊದಲೇ ಮಕ್ಕಳು ಮಡಿಯ ಮುಂದೆ ಕುಕ್ಕರಗಾಲಿನಲ್ಲಿ ಕೂರುತ್ತಿದ್ದರು. ವಾರದೊಳಗೆ ಮೊದಲ ಮೊಳಕೆ ತಲೆಯೆತ್ತಿದಾಗ ಎದ್ದ ಕೂಗು ರಸ್ತೆಯವರೆಗೂ ಕೇಳಿಸಿತು.

ಸಂಭ್ರಮದ ನಡುವೆಯೇ ಪ್ರಶ್ನೆಯೂ ಮೊಳೆಯಿತು. ಮಣ್ಣು ಅಗೆಯುವಾಗ ಎರೆಹುಳವೊಂದಕ್ಕೆ ಗುದ್ದಲಿ ತಗಲುವುದರಲ್ಲಿತ್ತು. ಮೊಮ್ಮಗಳು ಅದನ್ನು ಎಲೆಯ ಮೇಲೆತ್ತಿ ದೂರ ಬಿಟ್ಟು ಬಂದು ಕೇಳಿದಳು: "ಅಜ್ಜ, ಗಿಡಕ್ಕೂ ಜೀವ ಇದೆ ಅಂತ ನೀವೇ ಹೇಳಿದ್ದಲ್ವಾ? ಮೊಳಕೆ ತುಳಿಯಬಾರದು ಅಂತಲೇ ಮುನಿಗಳು ಮಳೆಗಾಲದಲ್ಲಿ ಒಂದೇ ಕಡೆ ಇರ್ತಾರೆ. ಹಾಗಾದ್ರೆ ನಾವು ಹೂ ಕೊಯ್ಯಬಹುದಾ?"

ಅಜ್ಜ ಕೂಡಲೇ ಉತ್ತರಿಸಲಿಲ್ಲ. ಬೇಲಿಯ ಬುಡದಲ್ಲಿದ್ದ ಮುಟ್ಟಿದರೆ ಮುನಿ ಗಿಡದ ಬಳಿಗೆ ಇಬ್ಬರನ್ನೂ ಕರೆದೊಯ್ದರು. ಮೊಮ್ಮಗನ ಬೆರಳು ಸೋಕಿದೊಡನೆ ಎಲೆಗಳು ಮಡಿಚಿಕೊಂಡವು. ಸಸ್ಯಕ್ಕಿರುವುದು ಸ್ಪರ್ಶನವೆಂಬ ಒಂದೇ ಇಂದ್ರಿಯ ಎಂಬ ಮಾತು ಮಗುವಿನ ಬೆರಳ ತುದಿಯಲ್ಲೇ ಅರ್ಥವಾಯಿತು. ಉಮಾಸ್ವಾಮಿಗಳ ತತ್ತ್ವಾರ್ಥಸೂತ್ರವು ಕೃಮಿ, ಇರುವೆ, ದುಂಬಿ, ಮನುಷ್ಯ ಎಂಬ ಕ್ರಮದಲ್ಲಿ ಒಂದೊಂದು ಇಂದ್ರಿಯವನ್ನು ಹೆಚ್ಚಿಸುತ್ತ ಹೋಗುತ್ತದೆ. ಎರೆಹುಳಕ್ಕೆ ರುಚಿ, ಇರುವೆಗೆ ವಾಸನೆ, ದುಂಬಿಗೆ ನೋಟ, ಮನುಷ್ಯನಿಗೆ ಕೇಳ್ಮೆ ಸೇರುತ್ತದೆ. ಆ ಸೂತ್ರದ ಎಲ್ಲ ಉದಾಹರಣೆಗಳೂ ಮೂರು ಮಡಿಗಳ ಆ ತೋಟದಲ್ಲೇ ಇದ್ದವು. ಐದು ಇಂದ್ರಿಯಗಳ ಜೀವಿಗಳು ಕೈಗೆ ಮಣ್ಣು ಮೆತ್ತಿಕೊಂಡು ನಿಂತಿದ್ದವು.

ಮೊಮ್ಮಗಳ ಪ್ರಶ್ನೆ ಪರಂಪರೆಗೆ ಹೊಸತಲ್ಲ. ಭರತ ಚಕ್ರವರ್ತಿ ವ್ರತಿಗಳನ್ನು ಗುರುತಿಸಲು ಅರಮನೆಯ ಅಂಗಳದಲ್ಲಿ ಹಸಿರು ಮೊಳಕೆ, ಹೂ, ಹಣ್ಣುಗಳನ್ನು ಹರಡಿಸಿದನೆಂದು ಪುರಾಣ ಹೇಳುತ್ತದೆ. ಅವುಗಳನ್ನು ತುಳಿಯಲೊಲ್ಲದೆ ಹೊರಗೇ ನಿಂತವರು ಗೌರವಕ್ಕೆ ಪಾತ್ರರಾದರು. ಪೂಜೆಯ ವಿಷಯದಲ್ಲಂತೂ ಭಿನ್ನ ಆಚರಣೆಗಳೇ ಇವೆ. ಕರ್ನಾಟಕದ ಬಸದಿಗಳಲ್ಲಿ ಹೂವಿನ ಪೂಜೆ ರೂಢಿಯಲ್ಲಿದ್ದರೆ, ಉತ್ತರ ಭಾರತದ ದಿಗಂಬರ ತೇರಾಪಂಥದವರು ಕೇಸರಿ ಬಣ್ಣದ ಅಕ್ಕಿಯನ್ನೇ ಪುಷ್ಪವೆಂದು ಅರ್ಪಿಸುತ್ತಾರೆ. ಗೃಹಸ್ಥನು ಸಂಕಲ್ಪೀ ಹಿಂಸೆಯನ್ನು ಬಿಡಲೇಬೇಕು. ಮನೆವಾರ್ತೆಯಲ್ಲಿ ಅನಿವಾರ್ಯವಾಗುವ ಆರಂಭೀ ಹಿಂಸೆಯನ್ನು ಆದಷ್ಟು ಕಡಿಮೆ ಮಾಡಬೇಕು. ಅಜ್ಜ ಇಷ್ಟನ್ನು ಸರಳವಾಗಿ ತಿಳಿಸಿ, ತೀರ್ಮಾನವನ್ನು ಮಕ್ಕಳಿಗೇ ಬಿಟ್ಟರು. ತೋಟಕ್ಕೆ ಮೂರು ನಿಯಮಗಳಾದವು: ಮೊಗ್ಗು ಕೀಳಬಾರದು, ಔಷಧಿ ಸಿಂಪಡಿಸಬಾರದು, ಎಲೆ ತಿನ್ನುವ ಹುಳವನ್ನು ಕೊಲ್ಲದೆ ಬೇಲಿಯಾಚೆಗೆ ಒಯ್ದು ಬಿಡಬೇಕು.

ಶಾಲೆ ತೆರೆಯುವ ಹೊತ್ತಿಗೆ ಮಕ್ಕಳು ಹೊರಟುಹೋದರು. ಗಿಡಗಳು ಆಗಿನ್ನೂ ಗೇಣುದ್ದವೂ ಇರಲಿಲ್ಲ. ಮುಂದಿನ ಮೂರು ತಿಂಗಳು ಕರಾವಳಿಯ ಮಳೆಯಲ್ಲಿ ಮಡಿಯ ನೀರು ಬಸಿದು, ವಾಲಿದ ಕಾಂಡಗಳಿಗೆ ಕೋಲು ಕೊಟ್ಟು, ನಿಯಮದಂತೆ ಹುಳಗಳನ್ನು ಬೇಲಿಯಾಚೆಗೆ ಸಾಗಿಸಿದವರು ಅಜ್ಜನೊಬ್ಬರೇ. ಚೆಂಡುಹೂವಿನ ಮಡಿ ನೀರು ನಿಂತು ಕೊಳೆಯಿತು. ಆ ಸುದ್ದಿಯನ್ನೂ ಮುಚ್ಚಿಡದೆ ಸಂಜೆಯ ವಿಡಿಯೋ ಕರೆಯಲ್ಲಿ ತೋರಿಸಿದರು. ಎರಡು ವರ್ಷ ಯಾರೊಡನೆಯೂ ಹೆಚ್ಚು ಮಾತಿಲ್ಲದೆ ಕಳೆದಿದ್ದ ಮನುಷ್ಯನಿಗೆ ದಿನಕ್ಕೊಂದು ವರದಿ ಒಪ್ಪಿಸುವ ಹೊಣೆ ಬಂದಿತ್ತು.

ಚೌತಿಯ ರಜೆಗೆ ಮಕ್ಕಳು ಮರಳಿದಾಗ ಗೌರಿಹೂ ಗಿಡದ ತುಂಬ ಅರಳಿತ್ತು. ಸಂಜೆಮಲ್ಲಿಗೆ ತನ್ನ ಹೆಸರಿಗೆ ತಕ್ಕಂತೆ ಇಳಿಹೊತ್ತಿಗೆ ಬಿರಿಯುತ್ತಿತ್ತು. ದಶಲಕ್ಷಣ ಪರ್ವದಲ್ಲಿ ಅಜ್ಜಿಯ ನೆನಪಿಗೆ ಬುಟ್ಟಿ ತುಂಬ ಹೂ ಬಸದಿಗೆ ಒಪ್ಪಿಸಬೇಕೆಂಬುದು ಅಜ್ಜನ ಆಸೆ. ಮೊಮ್ಮಗಳು ಹೂವಿನಿಂದ ಹೂವಿಗೆ ಹಾರುವ ದುಂಬಿಗಳನ್ನು ನೋಡುತ್ತ ನಿಂತು, "ಒಂದು ಸಾಕಲ್ವಾ ಅಜ್ಜ? ಉಳಿದದ್ದು ಬೀಜ ಆಗಲಿ," ಎಂದಳು. ಅಜ್ಜ ಕೈಯಲ್ಲಿದ್ದ ಬುಟ್ಟಿಯನ್ನು ಜಗಲಿಯ ಮೇಲಿಟ್ಟರು. ಬಸದಿಗೆ ಹೋಗುವ ದಾರಿಯಲ್ಲಿ ರಾಜಗೃಹದ ಕಪ್ಪೆಯ ಕಥೆ ಹೇಳಿದರು. ಒಂದೇ ಹೂವನ್ನು ಕಚ್ಚಿಕೊಂಡು ಮಹಾವೀರಸ್ವಾಮಿಯ ಪೂಜೆಗೆ ಹೊರಟು, ಶ್ರೇಣಿಕನ ಆನೆಯ ಕಾಲಿಗೆ ಸಿಕ್ಕಿ ಸತ್ತರೂ ದೇವನಾಗಿ ಹುಟ್ಟಿದ ಆ ಜೀವವನ್ನು ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಪೂಜೆಯ ಮಹಿಮೆಗೆ ನಿದರ್ಶನವಾಗಿ ನೆನೆದಿದ್ದಾರೆ. ಅಲ್ಲಿಯೂ ಹೂವು ಒಂದೇ.

ಮರುದಿನ ಬಲಿತ ಗೌರಿಹೂವಿನ ಕಾಯಿಗಳನ್ನು ಮಕ್ಕಳು ಮುಟ್ಟಿದರೆ ಸಾಕು, ಫಟ್ಟನೆ ಸಿಡಿದು ಬೀಜಗಳು ಅಂಗಳದ ತುಂಬ ಚೆಲ್ಲುತ್ತಿದ್ದವು. ಅವನ್ನು ಹೆಕ್ಕುವ ಆಟ ಮಧ್ಯಾಹ್ನದವರೆಗೂ ನಡೆಯಿತು. ಹಾರ್ಲಿಕ್ಸ್ ಬಾಟಲಿಯಲ್ಲಿ ಈಗ ಎರಡು ಕೈಬರಹಗಳ ಪೊಟ್ಟಣಗಳಿವೆ. ಹೊಸ ಪೊಟ್ಟಣದ ಮೇಲೆ ಮೊಮ್ಮಗಳು ಹೂವಿನ ಹೆಸರು ಬರೆದಿದ್ದಾಳೆ. ಅದರ ಕೆಳಗೆ ಅಜ್ಜ ಬಿತ್ತನೆಯ ತಿಂಗಳನ್ನು ಸೇರಿಸಿದ್ದಾರೆ.