ಪ್ರೀತಿಗೂ ಸಪ್ಲಿ ಇದೆಯಾ?

ಸಪ್ಲಿ ಅಂದ್ರೆ ಏನು ಅಂತ ಈ ಪತ್ರಿಕೆ ಓದುವವರಿಗೆ ನಾವು ಬಿಡಿಸಿ ಹೇಳಬೇಕಿಲ್ಲ. ಹೋದ ಸಬ್ಜೆಕ್ಟನ್ನು ಮತ್ತೆ ಬರೆಯಬಹುದು. ಮುರಿದುಹೋದ ಪ್ರೀತಿಯನ್ನು? ಈ ರಜೆಯಲ್ಲಿ ನಾವು ನಾಲ್ಕು ಜನ ಒಂದೇ ಪ್ರತಿಯನ್ನು ಕೈಯಿಂದ ಕೈಗೆ ದಾಟಿಸಿ ಓದಿದ ಜೇನ್ ಆಸ್ಟಿನ್ ಕಾದಂಬರಿ ‘ಪರ್ಸ್ವೇಷನ್’ ಕೇಳುವುದು ಇದನ್ನೇ.

ಆನ್ ಎಲಿಯಟ್‌ಗೆ 19 ವರ್ಷವಾಗಿದ್ದಾಗ ನೌಕಾಪಡೆಯ ಫ್ರೆಡರಿಕ್ ವೆಂಟ್‌ವರ್ತ್ ಜೊತೆ ಮದುವೆಯ ಮಾತಾಗಿರುತ್ತದೆ. ಹುಡುಗನ ಕೈಯಲ್ಲಿ ದುಡ್ಡಿಲ್ಲ, ಬೆನ್ನಿಗೆ ದೊಡ್ಡ ಮನೆತನವಿಲ್ಲ. ತಾಯಿ ಇಲ್ಲದ ಆನ್‌ಗೆ ತಾಯಿಯಂತಿದ್ದ ಲೇಡಿ ರಸೆಲ್ ‘ಬೇಡ’ ಅನ್ನುತ್ತಾರೆ. ಅವಳು ಒಪ್ಪಿ ದೂರವಾಗುತ್ತಾಳೆ. ನಮ್ಮ ಮನೆಗಳ ಭಾಷೆಯಲ್ಲಿ ಹೇಳೋದಾದ್ರೆ, ‘ಹುಡುಗ ಇನ್ನೂ ಸೆಟಲ್ ಆಗಿಲ್ಲ’. ಎಂಟು ವರ್ಷದ ಮೇಲೆ, 1814ರಲ್ಲಿ, ಅವನು ಕ್ಯಾಪ್ಟನ್ ಆಗಿ 25,000 ಪೌಂಡ್ ಗಳಿಸಿಕೊಂಡು ವಾಪಸ್ ಬರುತ್ತಾನೆ. ಹಿಡಿದ ಶತ್ರುಹಡಗಿನ ಬೆಲೆಯಲ್ಲಿ ನೌಕಾಪಡೆಯವರಿಗೂ ಪಾಲು ಸಿಗುತ್ತಿದ್ದ ಕಾಲ ಅದು. ಈಗ ಅವನಿಗೆ ಸಿಟ್ಟು, ಅವಳಿಗೆ ಮೌನ.

ಕಥೆ ತಿರುಗುವುದು ಲೈಮ್ ಎಂಬ ಪುಟ್ಟ ಕಡಲೂರಿನಲ್ಲಿ. ಅಲ್ಲಿ ಸಮುದ್ರಕ್ಕೆ ಚಾಚಿದ ‘ಕಾಬ್’ ಎಂಬ ಬಾಗಿದ ಕಲ್ಲುಗೋಡೆ ಇವತ್ತಿಗೂ ಇದೆ. ಹಟ ಹಿಡಿದರೆ ಬಿಡದವಳು ಅಂತ ವೆಂಟ್‌ವರ್ತ್ ಮೆಚ್ಚಿಕೊಂಡಿದ್ದ ಲೂಯಿಸಾ, ಬೇಡವೆಂದರೂ ಕೇಳದೆ ಅದರ ಮೆಟ್ಟಿಲಿನಿಂದ ಹಾರಿ ಬಿದ್ದು ಪ್ರಜ್ಞೆ ತಪ್ಪುತ್ತಾಳೆ. ಎಲ್ಲರೂ ದಿಕ್ಕೆಟ್ಟು ನಿಂತಾಗ ಡಾಕ್ಟರನ್ನು ಕರೆಸಿ ಅಂದವಳು ಆನ್. ಗಟ್ಟಿತನಕ್ಕೂ ಹಟಕ್ಕೂ ಇರುವ ವ್ಯತ್ಯಾಸ ಅವನಿಗೆ ಅಲ್ಲಿಂದ ಅರ್ಥವಾಗತೊಡಗುತ್ತದೆ.

ಆಸ್ಟಿನ್ ಈ ಕಾದಂಬರಿಯ ಕೊನೆಯನ್ನು ಎರಡು ಸಲ ಬರೆದರು. 1816ರ ಮೊದಲ ಕರಡಿನಲ್ಲಿ ಒಂದು ಮನೆಯಲ್ಲಿ ಇಬ್ಬರೂ ಎದುರಾಗಿ, ತಪ್ಪು ತಿಳಿವಳಿಕೆ ಬಗೆಹರಿದು ಕಥೆ ಮುಗಿಯುತ್ತಿತ್ತು. ಅವರಿಗೆ ಅದು ಹಿಡಿಸಲಿಲ್ಲ. ಹೊಸ ಕೊನೆಯಲ್ಲಿ, ಹೆಣ್ಣಿನ ಪ್ರೀತಿ ಎಷ್ಟು ಕಾಲ ಉಳಿಯುತ್ತದೆ ಅಂತ ಆನ್ ಇನ್ನೊಬ್ಬನ ಜೊತೆ ವಾದ ಮಾಡುತ್ತಾಳೆ. ಅದೇ ಕೋಣೆಯಲ್ಲಿ ಕೂತು ಕೇಳಿಸಿಕೊಂಡ ವೆಂಟ್‌ವರ್ತ್ ಅವಳಿಗೆ ಪತ್ರ ಬರೆಯುತ್ತಾನೆ. ಅಂದರೆ ಸುಮ್ಮನಿದ್ದವಳಿಗೆ ಮಾತು ಕೊಟ್ಟರು. ಬಿಟ್ಟುಬಿಟ್ಟ ಆ ಹಾಳೆಗಳು ಇಂದಿಗೂ ಬ್ರಿಟಿಷ್ ಲೈಬ್ರರಿಯಲ್ಲಿವೆ. ಪುಸ್ತಕ ಹೊರಬಂದದ್ದು 1817ರ ಕೊನೆಯಲ್ಲಿ. ಅದಾಗಲೇ ಲೇಖಕಿ ತೀರಿಹೋಗಿ ಐದು ತಿಂಗಳಾಗಿತ್ತು.

ಓದಿ ಮುಗಿಸಿ ನಾವು ಜಗಳಾಡಿದ್ದು ಲೇಡಿ ರಸೆಲ್ ಬಗ್ಗೆ. ನಮ್ಮಲ್ಲಿಬ್ಬರಿಗೆ ಅವರೇ ಖಳನಾಯಕಿ. ಉಳಿದಿಬ್ಬರು, ‘ಆಗ ಅವನು ಯುದ್ಧದಲ್ಲಿ ಸತ್ತಿದ್ದರೆ?’ ಅಂದರು. ಆನ್ ಹೇಳುವುದು ಇನ್ನೂ ತೊಡಕಿನ ಮಾತು: ಸಲಹೆ ಸರಿಯಿರಲಿಲ್ಲ, ಆದರೆ ಅದನ್ನು ಕೇಳಿದ್ದು ತಪ್ಪಲ್ಲ, ತಾನಾಗಿದ್ದರೆ ಅಂಥ ಸಲಹೆ ಯಾರಿಗೂ ಕೊಡುವುದಿಲ್ಲ.

ಆದರೆ ನಮ್ಮನ್ನು ಸುಮ್ಮನಾಗಿಸಿದ್ದು ವೆಂಟ್‌ವರ್ತ್ ಕೊನೆಯಲ್ಲಿ ಕೇಳುವ ಪ್ರಶ್ನೆ. 1808ರಲ್ಲೇ ಕೈಯಲ್ಲಿ ಸ್ವಲ್ಪ ಹಣ ಬಂದಿತ್ತು. ಆಗಲೇ ಪತ್ರ ಬರೆದಿದ್ದರೆ ಒಪ್ಪುತ್ತಿದ್ದೆಯಾ ಅಂತ. ಒಪ್ಪುತ್ತಿದ್ದೆ ಅನ್ನುವುದೇ ಅವಳ ಉತ್ತರ. ಎಂಟು ವರ್ಷದಲ್ಲಿ ಮೊದಲೆರಡು ಲೇಡಿ ರಸೆಲ್ ಲೆಕ್ಕಕ್ಕೆ. ಉಳಿದ ಆರು? ಅವನ ಸ್ವಾಭಿಮಾನದ ಲೆಕ್ಕಕ್ಕೆ.

ನಮ್ಮ ಬ್ಯಾಚಿನಲ್ಲೂ ಅಂಥ ಒಂದು ಜೋಡಿ ಇದೆ. ಪ್ಲೇಸ್‌ಮೆಂಟ್ ಆಗಿಲ್ಲ ಅನ್ನೋ ಕಾರಣಕ್ಕೆ ಮುರಿದದ್ದು. ಆಮೇಲೆ ಅವನಿಗೆ ಕೆಲಸವೂ ಸಿಕ್ತು. ಇಬ್ಬರ ಫೋನಿನಲ್ಲೂ ನಂಬರ್ ಇನ್ನೂ ಹಾಗೇ ಇದೆ, ‘ಮೊದಲು ಅವರೇ ಮಾಡಲಿ’ ಅಂತ ಇಬ್ಬರೂ ಕಾಯ್ತಿದ್ದಾರೆ. ನಾವು ಅವರಿಗೆ ಸಲಹೆ ಕೊಡಲು ಹೋಗಲಿಲ್ಲ. ಲೇಡಿ ರಸೆಲ್ ಆಗೋ ಆಸೆ ನಮಗಿಲ್ಲ. ಪುಸ್ತಕವನ್ನು ಮಾತ್ರ ಅವನ ಟೇಬಲ್ ಮೇಲೆ ಇಟ್ಟು ಬಂದಿದ್ದೇವೆ.

ಸಪ್ಲಿಗೂ ಫಾರ್ಮ್ ತುಂಬಲು ಕೊನೆಯ ದಿನಾಂಕ ಅಂತ ಒಂದಿರುತ್ತೆ, ಅಲ್ವಾ?