ತಮ್ಮ ಮತ್ತು ಭಾಯಿಜಾನ್

ನಮ್ಮ ಕಾಲೇಜಿನ ಗ್ರಂಥಾಲಯಕ್ಕೆ ಹೊಸ ಬೋರ್ಡ್ ಬೇಕಿತ್ತು. ಮೇಲೆ ಕನ್ನಡದಲ್ಲಿ ‘ಗ್ರಂಥಾಲಯ ಸಮಯ’, ಕೆಳಗೆ ಅದೇ ಉರ್ದುವಿನಲ್ಲಿ. ಕಂಪ್ಯೂಟರಿನಲ್ಲಿ ಮಾಡಿ ತುಮಕೂರಿನಲ್ಲೇ ಫ್ಲೆಕ್ಸ್ ಹಾಕಿಸುತ್ತೇನೆ ಎಂದು ನಾನೇ ಒಪ್ಪಿಕೊಂಡೆ.

ಅಕ್ಷರ ಹುಡುಕುವಾಗ ಸಿಕ್ಕಿದ್ದು ‘ಬಾಲೂ’. ಮುಂಬೈನ ಏಕ್ ಟೈಪ್ ಸಂಸ್ಥೆಯ ಫಾಂಟ್, ಯಾರು ಬೇಕಾದರೂ ಉಚಿತವಾಗಿ ಬಳಸಬಹುದು. ಕರಡಿಮರಿಯಂತೆ ದಪ್ಪ, ಗುಂಡು, ಸ್ವಲ್ಪ ತುಂಟ. ನನಗೆ ಮೊದಲು ಹಿಡಿಸಿದ್ದು ಹೆಸರುಗಳು. ಲಿಪಿಗೊಬ್ಬ ಸೋದರ: ಪಂಜಾಬಿಗೆ ಪಾಜಿ, ಬಂಗಾಳಿಗೆ ದಾ, ತಮಿಳಿಗೆ ತಂಬಿ, ಮಲಯಾಳಕ್ಕೆ ಚೇಟ್ಟನ್. ಕನ್ನಡದ್ದು ‘ಬಾಲೂ ತಮ್ಮ’. ದಿವ್ಯಾ ಕೌಶಿಕ್ ಮತ್ತು ಶುಚಿತಾ ಗ್ರೋವರ್ ರೂಪಿಸಿದ್ದು. ಉರ್ದು ಬರೆಯುವ ಅರಬಿ ಲಿಪಿಯದು ‘ಬಾಲೂ ಭಾಯಿಜಾನ್’. ಮನೆಯಲ್ಲಿ ದಖನಿ, ಬೀದಿಯಲ್ಲಿ ಕನ್ನಡ ಆಡುವ ನನಗೆ ಇಬ್ಬರೂ ಮನೆಯವರೇ ಅನ್ನಿಸಿತು.

ಕುಣಿಗಲ್‌ನ ಚಾಚಾಗೆ ಮಾತ್ರ ಹೇಳಿರಲಿಲ್ಲ. ಅವರು ಬೋರ್ಡ್ ಬರೆಯುವವರು. ಗುಬ್ಬಿಯಲ್ಲಿ ನಮ್ಮ ಬೀದಿಯ ಅರ್ಧ ಅಂಗಡಿಗಳ ಹೆಸರು ಒಂದು ಕಾಲದಲ್ಲಿ ಅವರ ಕೈಯದ್ದೇ. ಫ್ಲೆಕ್ಸ್ ಬಂದ ಮೇಲೆ ಮನೆಗಳಿಗೆ ಬಣ್ಣ ಹೊಡೆಯುತ್ತಾರೆ. ಅವರೆದುರು ನಮ್ಮಲ್ಲಿ ಯಾರೂ ಫ್ಲೆಕ್ಸಿನ ಮಾತೆತ್ತುವುದಿಲ್ಲ.

ಒಂದು ಜುಮ್ಮಾ ದಿನ ಅವರು ಗುಬ್ಬಿಗೆ ಬಂದಾಗ ಪ್ರಿಂಟ್ ಮೇಜಿನ ಮೇಲೇ ಇತ್ತು. ಕೈಗೆತ್ತಿಕೊಂಡು ‘ಯೇ ಕಿಸ್ಕಾ ಹಾತ್ ಹೈ?’ ಎಂದರು. ಯಾರೋ ಪೇಂಟರ್ ಬರೆದದ್ದು ಅಂದುಕೊಂಡಿದ್ದರು. ‘ಫಾಂಟ್, ಚಾಚಾ’ ಎಂದೆ. ನಂಬಲಿಲ್ಲ. ‘ಗ್ರಂಥಾಲಯ’ದ ಯ, ‘ಸಮಯ’ದ ಯ ಎರಡನ್ನೂ ತೋರಿಸಿದೆ. ಕೂದಲೆಳೆಯ ವ್ಯತ್ಯಾಸವೂ ಇಲ್ಲ. ಹೆಬ್ಬೆರಳಿನಿಂದ ಒಂದನ್ನು ಮುಚ್ಚಿ ಇನ್ನೊಂದನ್ನು ನೋಡಿದರು. ಬಹಳ ಹೊತ್ತು ಮಾತಾಡಲಿಲ್ಲ. ಪ್ರಿಂಟನ್ನು ಒಳಗಿಡಬೇಕಿತ್ತು ಎಂದು ನನ್ನನ್ನೇ ಬೈದುಕೊಂಡೆ.

ಆಮೇಲೆ ಪರೀಕ್ಷೆ ಶುರುವಾಯಿತು. ಇಷ್ಟು ದಪ್ಪ ಅಕ್ಷರದಲ್ಲೂ ‘ಥಾ’ದೊಳಗಿನ ಚುಕ್ಕಿ ಮುಚ್ಚಿಹೋಗಿಲ್ಲ. ‘ಗ್ರ’ದ ಒತ್ತು ಕೆಳಸಾಲಿಗೆ ತಾಗಿಲ್ಲ. ‘ಕೆಲಸ ಗೊತ್ತಿರೋರು ಮಾಡಿದ್ದಾರೆ’ ಎಂದರು. ಅವರ ಬಾಯಲ್ಲಿ ಇದು ದೊಡ್ಡ ಮಾತು. ಉರ್ದು ಮಾತ್ರ ಒಪ್ಪಿಗೆಯಾಗಲಿಲ್ಲ: ‘ಓದಬಹುದು. ಆದ್ರೆ ಉರ್ದು ಇಷ್ಟು ನೆಟ್ಟಗೆ ನಿಲ್ಲಲ್ಲ ಬೇಟಾ.’ ನಮ್ಮ ಕಣ್ಣಿಗೆ ಒಗ್ಗಿದ ಉರ್ದು ನಸ್ತಾಲೀಖ್ ಶೈಲಿಯದು. ಪದಗಳು ಬಲದ ಮೇಲಿನಿಂದ ಎಡದ ಕೆಳಕ್ಕೆ ಜಾರುತ್ತವೆ. ಭಾಯಿಜಾನ್ ನಸ್ಖ್ ಧಾಟಿಯವನು, ಗೆರೆ ಬಿಟ್ಟು ಇಳಿಯುವುದಿಲ್ಲ.

‘ಒಂದು ತಗಡು ತಂದುಕೊಡು’ ಎಂದರು.

ಕುಣಿಗಲ್‌ನ ಮನೆಯಲ್ಲಿ ಹಳೆಯ ಬ್ರಷ್‌ಗಳೆಲ್ಲ ಕಲ್ಲಾಗಿದ್ದವು. ಎರಡು ದಿನ ಟರ್ಪೆಂಟೈನ್‌ನಲ್ಲಿ ನೆನೆಸಿದರೂ ಮೆತ್ತಗಾಗಿದ್ದು ಒಂದೇ. ಕನ್ನಡವನ್ನು ಪ್ರಿಂಟ್ ನೋಡಿಕೊಂಡು ಸೀಮೆಸುಣ್ಣದಲ್ಲಿ ಗುರುತು ಹಾಕಿ ಬರೆದರು. ಮೊದಲ ಅಕ್ಷರದಲ್ಲಿ ಕೈ ನಡುಗಿತು. ಒರೆಸಿ ಮತ್ತೆ ಬರೆದರು. ಉರ್ದುವಿಗೆ ಗುರುತೇ ಹಾಕಲಿಲ್ಲ.

ಬೋರ್ಡ್ ಈಗ ಗ್ರಂಥಾಲಯದ ಬಾಗಿಲ ಪಕ್ಕದಲ್ಲಿದೆ. ಫ್ಲೆಕ್ಸಿಗಿಂತ ದುಬಾರಿಯಾಯಿತು. ಚಾಚಾ ಪೂರ್ತಿ ಕೂಲಿ ಕೇಳಿ ತೆಗೆದುಕೊಂಡರು, ನನ್ನ ಮುಖ ನೋಡಿ ಐದು ರೂಪಾಯಿಯೂ ಬಿಡಲಿಲ್ಲ. ಹತ್ತಿರ ಹೋಗಿ ನೋಡಿ, ಎರಡನೇ ‘ಯ’ ಸ್ವಲ್ಪ ಅಗಲವಾಗಿದೆ.